ಮದುವೆ ಮನೆಗೊಬ್ಬ ಮೇಸ್ತ್ರಿ ಬೇಕು, ಸರಿ, ಎಂಥವರು?

ನನ್ನ ಮದುವೆಯಲ್ಲಿ ದೊಡ್ಡಮ್ಮ ಮುಹೂರ್ತ ನೋಡಲೇ ಇಲ್ಲ. 2013ರ ಮಾತು, ಹಾಸನದ ಒಂದು ಛತ್ರ. ಗಟ್ಟಿಮೇಳ ಮೊಳಗುವ ಹೊತ್ತಿಗೆ ಅವರು ಉಗ್ರಾಣದಲ್ಲಿದ್ದರು. ಅಡುಗೆಯವರಿಗೆ ಪಾಯಸಕ್ಕೆ ಗೋಡಂಬಿ ಬೇಕಾಗಿತ್ತು, ಉಗ್ರಾಣದ ಬೀಗದ ಕೈ ದೊಡ್ಡಮ್ಮನ ಸೊಂಟದಲ್ಲಿತ್ತು. ಓಡೋಡಿ ಬಂದವರು ನನ್ನ ಕತ್ತಿನ ತಾಳಿ ಮುಟ್ಟಿ ನೋಡಿ, "ಆಗೇ ಹೋಯ್ತಾ?" ಅಂದರು. ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಅಕ್ಷತೆ ಹಾಗೇ ಇತ್ತು. ಇಡೀ ಆಲ್ಬಮ್ಮು ಹುಡುಕಿದರೆ ದೊಡ್ಡಮ್ಮ ಇರೋದು ಒಂದೇ ಫೋಟೋದಲ್ಲಿ. ಅದರಲ್ಲೂ ಬೆನ್ನು ಮಾತ್ರ ಕಾಣುತ್ತೆ.

ನಿಮ್ಮ ಮನೆಯಲ್ಲೂ ಇಂಥ ಒಬ್ಬ ದೊಡ್ಡಮ್ಮನೋ, ಅತ್ತೆಯೋ, ಅತ್ತಿಗೆಯೋ ಇದ್ದೇ ಇರ್ತಾರೆ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಗಾದೆಯೇನೋ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತೆ. ಆದರೆ ಮೇಸ್ತ್ರಿ ಗೊತ್ತು ಮಾಡದೆ ಯಾರಾದರೂ ಪಾಯ ತೋಡುತ್ತಾರಾ? ಮದುವೆಗೆ ಮಾತ್ರ ಮೇಸ್ತ್ರಿ ಕೆಲಸ ಮನೆ ಹೆಂಗಸಿನದ್ದು. ಅದಕ್ಕೆ ಕೂಲಿಯೂ ಇಲ್ಲ, ಹೆಸರೂ ಇಲ್ಲ. ಹೋಳಿಗೆಗೆ ತುಪ್ಪ ಕಮ್ಮಿಯಾದರೆ ಬೈಗುಳ ಮಾತ್ರ ಗ್ಯಾರಂಟಿ.

ಈಗ ಆ ಕೆಲಸಕ್ಕೆ ಜನ ಸಿಗುತ್ತಾರೆ. ವೆಡ್ಡಿಂಗ್ ಪ್ಲಾನರ್ ಅಂತಲೋ, ಇವೆಂಟ್ ಮ್ಯಾನೇಜ್‌ಮೆಂಟ್ ಅಂತಲೋ ಬೋರ್ಡು ಹಾಕಿಕೊಂಡವರು ಬೆಂಗಳೂರು, ಮೈಸೂರಿನಲ್ಲಷ್ಟೇ ಅಲ್ಲ, ತಾಲ್ಲೂಕು ಊರುಗಳಲ್ಲೂ ಇದ್ದಾರೆ. "ಅಯ್ಯೋ, ಅದೆಲ್ಲ ದುಡ್ಡಿದ್ದವರ ಶೋಕಿ" ಅಂತ ಮೂಗು ಮುರಿಯುವ ಕಾಲ ಹೋಯ್ತು. ಕೂಡು ಕುಟುಂಬ ಇಲ್ಲ, ಮಕ್ಕಳು ಹೊರದೇಶದಲ್ಲಿ, ನೆಂಟರಿಗೆ ಒಂದು ದಿನಕ್ಕಿಂತ ಹೆಚ್ಚು ರಜೆ ಸಿಗಲ್ಲ. ಮೊದಲು ಮುಯ್ಯಿಗೆ ಮುಯ್ಯಿ ಅಂತ ನಡೀತಿದ್ದ ಕೆಲಸವನ್ನು ಈಗ ದುಡ್ಡು ಕೊಟ್ಟು ಕೊಳ್ಳಲೇಬೇಕು. ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಇರೋದು ಬೇರೆ ಕಡೆ. ನಾವು ಕೊಳ್ಳುವುದು ಪೇಟೆಯವರ ಹಾಗೆ, ಮಾತುಕತೆ ಮಾತ್ರ ಇನ್ನೂ ನೆಂಟರ ಹಾಗೆ. "ಅವರು ನಮ್ಮ ಪಕ್ಕದ್ಮನೆಯವರಿಗೆ ಗೊತ್ತು ಕಣ್ರೀ, ಬರೆದು ಕೊಡಿ ಅಂತ ಹೇಗೆ ಕೇಳೋದು" ಅಂತೀವಲ್ಲ, ಎಡವುವುದೇ ಅಲ್ಲಿ.

ಮದುವೆ ಕಾಗದಕ್ಕೆ ಬಂದ ಕಥೆ

ಸರ್ಕಾರ ಮಾತ್ರ ನಮ್ಮ ಮದುವೆಯನ್ನು ಕಾಗದದಲ್ಲಿ ನೋಡೋಕೆ ಶುರು ಮಾಡಿ ವರ್ಷಗಳಾದವು. 2016ರ ನವೆಂಬರ್ ನೆನಪಿದೆಯಲ್ಲ? ನೋಟು ರದ್ದಾದಾಗ ಮದುವೆ ಮನೆಯವರು ಬ್ಯಾಂಕಿನಿಂದ 2.5 ಲಕ್ಷ ರೂಪಾಯಿ ತನಕ ತೆಗೆಯಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಜೊತೆಗೆ ಲಗ್ನಪತ್ರಿಕೆ ಬೇಕು, ಛತ್ರಕ್ಕೆ, ಅಡುಗೆಯವರಿಗೆ ಕೊಟ್ಟ ಮುಂಗಡದ ರಸೀತಿ ಬೇಕು ಅಂತಲೂ ಹೇಳಿತು. ರಸೀತಿ! ಅಡುಗೆ ಭಟ್ಟರ ಹತ್ತಿರ ಅಲ್ಲಿಯವರೆಗೆ ಯಾರು ರಸೀತಿ ಕೇಳಿದ್ದರು? 2017ರಲ್ಲಿ ಎರಡು ಬದಲಾವಣೆ ಬಂದವು. ಒಂದು ಜಿಎಸ್‌ಟಿ. ಇನ್ನೊಂದು, ಒಂದೇ ಸಮಾರಂಭದ ಲೆಕ್ಕದಲ್ಲಿ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಬಾರದು ಅನ್ನುವ ಆದಾಯ ತೆರಿಗೆಯ ನಿಯಮ. ಕಂತು ಮಾಡಿ ಕೊಟ್ಟರೂ ಅಷ್ಟೆ. ದಂಡ ಬೀಳೋದು ತೆಗೆದುಕೊಂಡವರಿಗೆ. ಹಾಗಾಗಿ "ಎಲ್ಲ ಕ್ಯಾಶೇ ಕೊಡಿ ಮೇಡಂ, ಬಿಲ್ಲು ಬೇಡ, ಟ್ಯಾಕ್ಸ್ ಉಳಿಯುತ್ತೆ" ಅನ್ನುವವರು ಲಕ್ಷಗಟ್ಟಲೆ ಮಾತಾಡುತ್ತಿದ್ದರೆ ಅಲ್ಲೇ ಹುಷಾರಾಗಿ.

ಆಮೇಲೆ 2020. ಮದುವೆಗೆ 50 ಜನಕ್ಕಿಂತ ಹೆಚ್ಚು ಸೇರುವಂತಿಲ್ಲ ಅಂತ ಆದೇಶ ಬಂದಾಗ ಸಾವಿರ ಜನದ ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ಕೂತಿದ್ದವರ ಗತಿ ಏನಾಯ್ತು ಅಂತ ನಿಮಗೂ ಗೊತ್ತು. ಕೆಲವರು ಮರ್ಯಾದೆಯಾಗಿ ವಾಪಸ್ ಕೊಟ್ಟರು, ಕೆಲವರು ಬೇರೆ ದಿನಾಂಕ ಕೊಟ್ಟರು, ಕೆಲವರು ಫೋನೇ ಎತ್ತಲಿಲ್ಲ. ರಸೀತಿ ಇಟ್ಟುಕೊಂಡಿದ್ದು ಗ್ರಾಹಕ ಆಯೋಗಕ್ಕೆ ಹೋಗಿ ಹಣ ವಾಪಸ್ ಪಡೆದವರೂ ಇದ್ದಾರೆ. ರಸೀತಿ ಇಲ್ಲದವರು ಶಾಪ ಹಾಕಿ ಸುಮ್ಮನಾದರು.

ನಮ್ಮ ಮನೆಯಲ್ಲಿ ಅಷ್ಟರೊಳಗೇ ಒಂದು ಪಾಠ ಆಗಿತ್ತು. 2019ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ನನ್ನ ತಂಗಿಯ ಮದುವೆ. ಈ ಸಲ ದೊಡ್ಡಮ್ಮ ಸೀರೆ ಉಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂರಬೇಕು ಅಂತ ನಾನೇ ಹಠ ಹಿಡಿದು ಪ್ಲಾನರ್ ಗೊತ್ತು ಮಾಡಿಸಿದ್ದೆ. ಆಫೀಸಿನಲ್ಲಿ ಮಾತಾಡಿದ ಹೆಂಗಸು ಎಷ್ಟು ಚುರುಕು ಅಂತೀರಿ! ಆಲ್ಬಮ್ ತೆಗೆದು ಮಂಟಪದ ಹೂವು, ಕಮಾನು, ದೀಪ ಎಲ್ಲ ತೋರಿಸಿದರು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು, ಅರ್ಧಕ್ಕರ್ಧ ಹಣ ನಗದಾಗಿ ಕೊಟ್ಟೆವು, ಅವರ ವಿಸಿಟಿಂಗ್ ಕಾರ್ಡಿನ ಹಿಂದೆ ಬರೆಸಿಕೊಂಡು ಬಂದೆವು.

ಮದುವೆ ದಿನ ಆ ಹೆಂಗಸು ಬರಲಿಲ್ಲ. ಕಿವಿಗೆ ಏನೋ ಸಿಕ್ಕಿಸಿಕೊಂಡ ಒಬ್ಬ ಹುಡುಗ ಬಂದ, ಡಿಗ್ರಿ ಓದುತ್ತಿದ್ದವನು, ದಿನಗೂಲಿಗೆ. "ಆಂಟಿ, ಅರಿಶಿನ ಕುಂಕುಮದ ತಟ್ಟೆ ಎಲ್ಲಿ? ಆಂಟಿ, ಗಂಡಿನ ಕಡೆಯವರ ರೂಮು ಯಾವುದು?" ಅಂತ ದೊಡ್ಡಮ್ಮನ ಹಿಂದೆಯೇ ಅಲೆದ. ಪಾಪ, ಅವನಿಗೇನು ಗೊತ್ತು. ಆ ಹೆಂಗಸು ಅದೇ ಮುಹೂರ್ತಕ್ಕೆ ಇನ್ನೊಂದು ಛತ್ರದಲ್ಲಿದ್ದರು. ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಬಡಿಸುವ ಹುಡುಗರು ಕೈ ಕಟ್ಟಿ ನಿಂತರು. ಹಿಂದಿನ ಮದುವೆಯ ಬಾಕಿಯನ್ನೇ ಪ್ಲಾನರ್ ಕೊಟ್ಟಿಲ್ಲವಂತೆ, ಇವತ್ತಿನದ್ದು ಕೈಗೆ ಬರದೆ ಬಡಿಸಲ್ಲವಂತೆ. ಅಪ್ಪ ಅಮ್ಮ ಹಸೆಮಣೆಯ ಮುಂದೆ, ಧಾರೆಗೆ. ಊಟದ ಹಾಲಿಗೆ ಹೋಗಿ, ಪರ್ಸಿನಲ್ಲಿದ್ದ ಎಂಟು ಸಾವಿರ ಎಣಿಸಿ ಕೊಟ್ಟು, "ಮಗಾ, ಜನ ಕೂತಿದ್ದಾರೆ, ಬಡಿಸಪ್ಪ" ಅಂದವರು ದೊಡ್ಡಮ್ಮ. ಮೇಲೆ ಗಟ್ಟಿಮೇಳ. ಎರಡನೇ ಸಲವೂ ತಪ್ಪಿತು.

ಆಮೇಲೆ ಕೇಳೋಕೆ ಹೋದರೆ, "ಬಡಿಸೋದು ನಮ್ಮ ಪ್ಯಾಕೇಜಲ್ಲಿ ಇರಲಿಲ್ಲ" ಅಂದರು. ಇತ್ತು. ಆದರೆ ಕಾರ್ಡಿನ ಹಿಂದೆ ಇದ್ದದ್ದು ಮೊತ್ತ ಮಾತ್ರ.

ಆಲ್ಬಮ್ ಆಮೇಲೆ ನೋಡಿ

ಅಂದಿನಿಂದ ಯಾರು ಕೇಳಿದರೂ ನಾನು ಹೇಳೋದು ಒಂದೇ. ಅಲಂಕಾರ ನೋಡಿ ಆರಿಸಬೇಡಿ, ಆ ದಿನ ಹೊಣೆ ಹೊರುವ ಮನುಷ್ಯನನ್ನು ನೋಡಿ ಆರಿಸಿ. ಮೊದಲ ಪ್ರಶ್ನೆ ಬಜೆಟ್ ಬಗ್ಗೆ ಅಲ್ಲ. "ನಮ್ಮ ಮುಹೂರ್ತದ ದಿನ ನೀವು ಇನ್ನೆಷ್ಟು ಮದುವೆ ಒಪ್ಪಿಕೊಂಡಿದ್ದೀರಿ? ಬೆಳಿಗ್ಗೆ ಐದು ಗಂಟೆಗೆ ನಮ್ಮ ಛತ್ರದ ಬಾಗಿಲಲ್ಲಿ ಯಾರು ನಿಂತಿರ್ತಾರೆ? ಅವರನ್ನ ಇವತ್ತೇ ಕರೆಸಿ, ನಾನು ಮಾತಾಡಬೇಕು." ಇಷ್ಟು ಕೇಳಿ. ಮುಖ ಸಿಂಡರಿಸಿಕೊಂಡರೆ ಎದ್ದು ಬನ್ನಿ.

ಯಾಕೆ ಇದೇ ಪ್ರಶ್ನೆ ಅಂದರೆ, ನಮ್ಮ ಮದುವೆಗಳೆಲ್ಲ ಕೆಲವೇ ದಿನಗಳಿಗೆ ಬಂದು ಬೀಳುತ್ತವೆ. ಆಷಾಢ ಬೇಡ, ಧನುರ್ಮಾಸ ಬೇಡ, ಪಿತೃಪಕ್ಷ ಬೇಡ, ಅಧಿಕಮಾಸ ಬೇಡ. 2024ರ ಮೇ, ಜೂನ್‌ನಲ್ಲಿ ಗುರು-ಶುಕ್ರ ಅಸ್ತ ಅಂತ ಹೆಚ್ಚಿನವರು ಮುಹೂರ್ತವೇ ಇಡಿಸಲಿಲ್ಲ, ಬೇಸಿಗೆ ರಜೆಯಲ್ಲಿ ಛತ್ರಗಳು ಬಣಗುಟ್ಟಿದವು. ಅವೆಲ್ಲ ಮದುವೆಗಳು ಮುಂದಿನ ಒಳ್ಳೆ ದಿನಗಳಿಗೆ ತಳ್ಳಿದವು. ಹಾಗೆ ಒತ್ತೊತ್ತಾಗಿ ಬಂದ ದಿನ ಹೂವಿನವರು, ಓಲಗದವರು, ಫೋಟೋದವರು, ಬಡಿಸುವವರು ಎಲ್ಲರೂ ಎರಡು ಮೂರು ಕಡೆ ಒಪ್ಪಿಕೊಂಡಿರ್ತಾರೆ. ವರ್ಷದ ಸಂಪಾದನೆ ಆ ಕೆಲವೇ ದಿನಗಳಲ್ಲಿ ಆಗಬೇಕಲ್ಲ, ಅವರನ್ನೂ ಪೂರ್ತಿ ತಪ್ಪು ಅನ್ನೋಕಾಗಲ್ಲ. ಆದರೆ ಮೂರರಲ್ಲಿ ನಮ್ಮದು ಯಾವ ನಂಬರು ಅಂತ ನಮಗೆ ಮುಂಚೆಯೇ ಗೊತ್ತಿರಬೇಕು. ಪ್ಲಾನರ್ ಬೇಕು ಅನ್ನುವುದೇ ಇಂಥ ದಿನಕ್ಕೆ. ಹೂವಿನವರು ಕೈ ಕೊಟ್ಟರೆ ಇನ್ನೊಬ್ಬರನ್ನು ಅರ್ಧ ಗಂಟೆಯಲ್ಲಿ ತರುವ ಪರಿಚಯ ಅವರಿಗಿದ್ದರೆ ಕೊಟ್ಟ ದುಡ್ಡು ದಂಡವಲ್ಲ.

ಇನ್ನು ಅವರ ಸಂಪಾದನೆಯ ಲೆಕ್ಕ. ಇದನ್ನು ಕೇಳೋಕೆ ನಾಚಿಕೊಳ್ಳಬೇಡಿ. ಕೆಲವರು ಇಷ್ಟು ಅಂತ ಗೊತ್ತಾದ ಫೀಸು ತಗೊಳ್ತಾರೆ. ಕೆಲವರು ಒಟ್ಟು ಖರ್ಚಿನ ಮೇಲೆ ಶೇಕಡಾ ಹತ್ತೋ ಹದಿನೈದೋ ಅಂತಾರೆ. ಹಾಗಾದರೆ ನಿಮ್ಮ ಖರ್ಚು ಹೆಚ್ಚಿದಷ್ಟೂ ಅವರಿಗೆ ಲಾಭ, ಕಮ್ಮಿ ಮಾಡಿಸಿ ಅಂತ ಅವರನ್ನೇ ಕೇಳಿದರೆ ಹೇಗೆ? ಮೂರನೆಯವರು "ನಮಗೇನೂ ಬೇಡ ಮೇಡಂ, ಫ್ರೀ ಸರ್ವೀಸು" ಅಂತಾರೆ. ನನಗೆ ಹೆಚ್ಚು ಭಯ ಇವರದ್ದೇ. ಛತ್ರದವರು, ಡೆಕೋರೇಶನ್‌ನವರು, ಸೀರೆ ಅಂಗಡಿಯವರು ಕೊಡುವ ಕಮಿಷನ್ನಿನಲ್ಲಿ ಅವರ ಜೀವನ ನಡೆಯೋದು, ಆ ಕಮಿಷನ್ನು ಬರೋದು ನಿಮ್ಮ ಬಿಲ್ಲಿನಿಂದ. ಸಾಲದ್ದಕ್ಕೆ, ಗ್ರಾಹಕ ಕಾನೂನಿನಲ್ಲಿ ಪುಕ್ಕಟೆ ಸೇವೆಗೆ ದೂರು ಕೊಡುವ ಹಕ್ಕಿಲ್ಲ. ಗೊತ್ತಾದ ಫೀಸು ಕೊಟ್ಟು, ಮಿಕ್ಕ ಎಲ್ಲರ ಬಿಲ್ಲು ನಮ್ಮ ಹೆಸರಿಗೇ ಬರಲಿ, ಬಾಕಿ ನಾವೇ ನೇರವಾಗಿ ಕೊಡ್ತೀವಿ ಅನ್ನೋದು ನನಗೆ ಕಂಡ ಕ್ಷೇಮದ ದಾರಿ. ಬಡಿಸುವವನ ಕೂಲಿ ನಡುವೆ ಯಾರ ಜೇಬಿನಲ್ಲೂ ನಿಲ್ಲಲ್ಲ.

ಬರೆದು ಕೊಡಿ ಅಂದಾಗ ಏನೇನು ಬರೆಸಬೇಕು? ಯಾವ ಕೆಲಸ, ಎಷ್ಟು ಜನ, ಯಾವ ಹೊತ್ತಿಗೆ ಬರ್ತಾರೆ, ಯಾವ ಹೊತ್ತಿಗೆ ಹೋಗ್ತಾರೆ, ಬರದೆ ಹೋದರೆ ಏನು, ಮದುವೆ ಮುಂದಕ್ಕೆ ಹೋದರೆ ಅಡ್ವಾನ್ಸ್ ಏನಾಗುತ್ತೆ. ಈ ಕಡೆಯ ಸಾಲನ್ನು 2020 ಕಂಡವರು ಯಾರೂ ಬಿಡಬಾರದು. ತೆರಿಗೆ ಸೇರಿ ಇಷ್ಟು ಅಂತ ಬರೆಸಿ. ಛತ್ರದ ಬಾಡಿಗೆಗೂ ಪ್ಲಾನರ್ ಫೀಸಿಗೂ ಜಿಎಸ್‌ಟಿ ಶೇ 18, ಐದು ಲಕ್ಷದ ಮಾತು ಕಡೆಗೆ ಐದು ಲಕ್ಷ ತೊಂಬತ್ತು ಸಾವಿರ ಆಗಿ ಕೂರುತ್ತೆ. ತೆರಿಗೆ ಹಾಕುವವರ ಹತ್ತಿರ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರು ಇರಬೇಕು. ಕರ್ನಾಟಕದಲ್ಲಿ ನೋಂದಾಯಿಸಿದ್ದರೆ ಅದು 29ರಿಂದ ಶುರುವಾಗುತ್ತೆ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ ನಂಬರು ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯಾ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ, ಮಕ್ಕಳ ಕೈಲಿ ನೋಡಿಸಿ. ಸಣ್ಣ ವಹಿವಾಟಿನವರಿಗೆ ನೋಂದಣಿಯೇ ಬೇಕಾಗಿಲ್ಲ. ಅಂಥವರು ತೆರಿಗೆ ಅಂತ ಕೇಳುವಂತೆಯೂ ಇಲ್ಲ, ಆದರೆ ರಸೀತಿ ಕೊಡಲೇಬೇಕು. ಕೊಟ್ಟ ಹಣಕ್ಕೆ ರಸೀತಿ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಅನುಚಿತ ವ್ಯಾಪಾರ ಪದ್ಧತಿ ಅಂತ ಹೆಸರಿಸಿದೆ. ಮೋಸ ಹೋದರೆ 1915ಕ್ಕೆ ಫೋನ್ ಮಾಡಬಹುದು, ಎರಡು ವರ್ಷದೊಳಗೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ಮದುವೆ ನಡೆದ ಊರಿಗೇ ಹೋಗಬೇಕು ಅಂತೇನಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಒಂದೇ ಸಲ ಪೂರ್ತಿ ಹಣ ಕೊಡಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ. ನಾನಂತೂ ಸ್ವಲ್ಪ ಬಾಕಿಯನ್ನು ಮದುವೆ ಮುಗಿದು ಎರಡು ದಿನಕ್ಕೆ ಕೊಡೋದು ಅಂತ ಬರೆಸ್ತೀನಿ. ಕಳೆದುಹೋದ ಬೆಳ್ಳಿ ಕುಂಕುಮದ ಬಟ್ಟಲು ಆ ಎರಡು ದಿನದಲ್ಲಿ ಹೇಗೋ ಸಿಕ್ಕಿಬಿಡುತ್ತೆ ಅನ್ನೋದು ನನ್ನ ಅನುಭವ!

ಎಲೆ ಲೆಕ್ಕ

ಅಡುಗೆಯ ಮಾತಿಗೆ ಬಂದರೆ, ಈಗ ದಿನಸಿ ತಂದುಕೊಟ್ಟು ಭಟ್ಟರಿಗೆ ಕೂಲಿ ಕೊಡುವ ಪದ್ಧತಿ ಕಮ್ಮಿಯಾಗಿ ಎಲೆ ಲೆಕ್ಕವೇ ಹೆಚ್ಚು. ಎಲೆಗೆ ಇಷ್ಟು ಅಂತ. ಎಲೆ ಎಣಿಸುವವರು ಯಾರು? ಅವರ ಕಡೆಯವರೊಬ್ಬರು, ನಿಮ್ಮ ಕಡೆಯವರೊಬ್ಬರು ಪಂಕ್ತಿ ಪಂಕ್ತಿಗೆ ಬರೆದು ಸಹಿ ಹಾಕಲಿ. ಕನಿಷ್ಠ ಇಷ್ಟು ಎಲೆ ಅಂತ ಅವರು ಕಟ್ಟುಪಾಡು ಹಾಕ್ತಾರೆ, ಅಲ್ಲಿ ಧಾರಾಳವಾಗಿ ದೊಡ್ಡ ಸಂಖ್ಯೆ ಹೇಳಿಬಿಡಬೇಡಿ. 2012ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 75 ಕಲ್ಯಾಣ ಮಂಟಪಗಳನ್ನು ಸಮೀಕ್ಷೆ ಮಾಡಿ, ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ಹಾಳಾಗುತ್ತೆ ಅಂತ ಲೆಕ್ಕ ಹಾಕಿದ್ದರು. ಅದರಲ್ಲಿ ನಮ್ಮ ಪಾಲೂ ಇರುತ್ತೆ. ಉಳಿದ ಅನ್ನ ಎಲ್ಲಿಗೆ ಹೋಗಬೇಕು ಅನ್ನೋದನ್ನ ಪ್ಲಾನರ್ ಹತ್ತಿರ ಮೊದಲೇ ಮಾತಾಡಿ, ಮುಟ್ಟದ ಅಡುಗೆ ತಗೊಂಡು ಹೋಗಿ ಹಂಚುವವರು ಊರಲ್ಲಿ ಇದ್ದೇ ಇರ್ತಾರೆ. ಅಡುಗೆಯವರ ಹತ್ತಿರ ಆಹಾರ ಸುರಕ್ಷತೆಯ 14 ಅಂಕಿಯ ಪರವಾನಗಿ ನಂಬರು ಇದೆಯಾ ಅಂತ ಕೇಳಿ. ಅದಕ್ಕಿಂತ ಮುಖ್ಯ, ಅವರು ಮಾಡಿದ ಒಂದು ಮದುವೆಗೆ ಸುಮ್ಮನೆ ಹೋಗಿ ಕೊನೇ ಪಂಕ್ತಿಯಲ್ಲಿ ಕೂತು ಉಂಡು ಬನ್ನಿ. ಮೊದಲ ಪಂಕ್ತಿ ಎಲ್ಲರದ್ದೂ ಚೆನ್ನಾಗಿರುತ್ತೆ.

ಅವರ ಕೈಗೆ ಕೊಡಬಾರದ್ದು

ಎಲ್ಲವನ್ನೂ ಒಪ್ಪಿಸಿ ಕೈ ತೊಳೆದುಕೊಳ್ಳೋದೂ ಆಗಲ್ಲ. ಈಚೆಗೆ ಮದುವೆಗಳಲ್ಲಿ ಮದುಮಗಳ 'ಎಂಟ್ರಿ'ಗೆ ಇಪ್ಪತ್ತು ನಿಮಿಷ, ಹೊಗೆ ಬಿಡೋಕೆ ಹತ್ತು ನಿಮಿಷ, ಪುರೋಹಿತರಿಗೆ ಮಾತ್ರ "ಬೇಗ ಮುಗಿಸಿ ಸ್ವಾಮಿ". ಫೋಟೋದವರು "ತಾಳಿ ಇನ್ನೊಂದ್ಸಲ ಕಟ್ಟಿ ಸರ್, ಫೋಕಸ್ ತಪ್ಪಿತು" ಅಂದಿದ್ದನ್ನ ನಾನೇ ಕೇಳಿದ್ದೀನಿ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಒಂದು ಪ್ರಕರಣದಲ್ಲಿ ಹೇಳಿದ್ದು ಇಲ್ಲಿ ನೆನಪಾಗುತ್ತೆ. ಒಂದು ಜೋಡಿ ಶಾಸ್ತ್ರವೇ ಇಲ್ಲದೆ, ಯಾವುದೋ ಸಂಸ್ಥೆಯಿಂದ ಪ್ರಮಾಣಪತ್ರ ತಂದು ನೋಂದಣಿ ಮಾಡಿಸಿಕೊಂಡಿತ್ತು. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಪದ್ಧತಿಯಂತೆ ಶಾಸ್ತ್ರ ನಡೆಯದಿದ್ದರೆ ನೋಂದಣಿ ಇದ್ದರೂ ಅದು ಮದುವೆಯಲ್ಲ, ಮದುವೆ ಅನ್ನೋದು ಹಾಡು ಕುಣಿತ, ಊಟ ಉಪಚಾರದ ಕಾರ್ಯಕ್ರಮ ಅಲ್ಲ ಅಂತ ಪೀಠ ಅಭಿಪ್ರಾಯಪಟ್ಟಿತು. ಹಾಗಾಗಿ ಪುರೋಹಿತರು, ಪ್ಲಾನರ್, ಫೋಟೋದವರು ಮೂವರನ್ನೂ ಮುಂಚೆ ಒಂದು ದಿನ ಎದುರುಬದುರು ಕೂರಿಸಿ ಹೊತ್ತಿನ ಪಟ್ಟಿ ಮಾಡಿಸಿ. ಪುರೋಹಿತರು ಹೇಳಿದ ಹೊತ್ತಿಗೆ ಮಿಕ್ಕವರು ಹೊಂದಿಕೊಳ್ಳಲಿ. ನೋಂದಣಿಗೆ 2024ರಿಂದ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನಿನಲ್ಲೇ ಅರ್ಜಿ ಹಾಕುವ ಅನುಕೂಲ ಬಂದಿದೆ. ಅದಕ್ಕೂ ಪ್ಯಾಕೇಜಿನಲ್ಲಿ ದುಡ್ಡು ಸೇರಿಸಿದ್ದರೆ ತೆಗೆಸಿಹಾಕಿ.

ನೆಂಟರ ವಿಷಯ ಇನ್ನೂ ಸೂಕ್ಷ್ಮ. ಕೂಲಿಗೆ ಬಂದ ಹುಡುಗ ಸೋದರಮಾವನನ್ನು "ಸರ್, ಸ್ವಲ್ಪ ಪಕ್ಕಕ್ಕೆ" ಅಂದರೆ ಆ ಮುನಿಸು ಬೀಗರ ಊಟದ ತನಕ ಹೋಗುತ್ತೆ. ಯಾರು ಯಾರು ಅಂತ ಫೋಟೋ ಸಮೇತ ಒಂದು ಪಟ್ಟಿ ಅವರ ಕೈಲಿರಲಿ. ಬಾಗಿಲಲ್ಲಿ ಪನ್ನೀರು ಎರಚೋದು, ತಾಂಬೂಲ ಕೊಡೋದು, ಹಿರಿಯರನ್ನ ಊಟಕ್ಕೆ ಎಬ್ಬಿಸೋದು ಇವನ್ನ ಮನೆಯವರೇ ಮಾಡಲಿ. ಇಲ್ಲಾಂದ್ರೆ ಬಂದವರು ಹೋಟೆಲಿನಲ್ಲಿ ಉಂಡ ಹಾಗೆ ಉಂಡು ಹೋಗ್ತಾರೆ.

ಚಿಕ್ಕ ಮದುವೆಗೆ ದೊಡ್ಡ ಪ್ಲಾನರ್ ಬೇಡವೇ ಬೇಡ. 2024ರ ನವೆಂಬರಿನಲ್ಲಿ ಮೈಸೂರಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಛತ್ರ, ಅಡುಗೆ, ಓಲಗ ಎಲ್ಲ ನಾವೇ ಗೊತ್ತು ಮಾಡಿ, ಎರಡು ದಿನದ ಉಸ್ತುವಾರಿಗೆ ಮಾತ್ರ ಒಬ್ಬರನ್ನ ಇಟ್ಟುಕೊಂಡೆವು. ಅಡುಗೆ ಕಂಟ್ರಾಕ್ಟಿನಲ್ಲಿ ವರ್ಷಗಟ್ಟಲೆ ಮೇಲ್ವಿಚಾರಣೆ ಮಾಡಿದ್ದ ಹೆಂಗಸು. ಆಲ್ಬಮ್ಮು ತರಲಿಲ್ಲ, ಒಂದು ನೋಟ್‌ಬುಕ್ ತಂದರು. ನಾವು ಪ್ರಶ್ನೆ ಕೇಳೋಕೆ ಮುಂಚೆ ಅವರೇ ಶುರು ಮಾಡಿದರು. "ನಿಮ್ಮಲ್ಲಿ ನಾಂದಿ ಮನೇಲೋ ಛತ್ರದಲ್ಲೋ? ಕಾಶಿಯಾತ್ರೆ ಉಂಟಾ? ಬೀಗರಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟು ಜನ? ಮೆಟ್ಟಿಲು ಹತ್ತಕ್ಕಾಗದ ಅಜ್ಜಿಯರು? ಉಗ್ರಾಣ ಯಾರು ನೋಡ್ಕೋತಾರೆ?" ದೊಡ್ಡಮ್ಮ ಕೈ ಎತ್ತಿದರು. ಆಯಮ್ಮ ನಕ್ಕು, "ಬೀಗದ ಕೈ ನಂಗೆ ಕೊಡಿ ಅಮ್ಮ, ಸಾಮಾನಿನ ಪಟ್ಟಿ ನೀವಿಟ್ಕೊಳ್ಳಿ" ಅಂದರು. ಇಪ್ಪತ್ತೈದು ಸಾವಿರ ತಗೊಂಡರು, ರಸೀತಿ ಕೊಟ್ಟರು.

ಮುಹೂರ್ತಕ್ಕೆ ದೊಡ್ಡಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು, ಕೈಯಲ್ಲಿ ಅಕ್ಷತೆ, ಮಡಿಲಲ್ಲಿ ಆ ಪಟ್ಟಿ. ಪಕ್ಕದಲ್ಲಿದ್ದ ನನ್ನನ್ನು ಮೂರು ಸಲ ಕೇಳಿದರು, "ತುಪ್ಪದ ಡಬ್ಬ ಒಳಗಿಟ್ರಾ?" ಅಂತ. ಗಟ್ಟಿಮೇಳ ಶುರುವಾದಾಗ ಎದ್ದು ನಿಂತು ಅಕ್ಷತೆ ಹಾಕಿದರು. ಹಾಕಿದ್ದು ಅರ್ಧ ಮುಂದಿನ ಫೋಟೋದವನ ತಲೆ ಮೇಲೆ ಬಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ, ತೊವ್ವೆಗೆ ಉಪ್ಪು ಮುಂದು, ನಾನಿದ್ದಿದ್ರೆ ಹೀಗಾಗಕ್ಕೆ ಬಿಡ್ತಿರಲಿಲ್ಲ ಅಂತ ಪಕ್ಕದ ಎಲೆಯವರಿಗೆ ಹೇಳುತ್ತಿದ್ದರು.